ದೀಪ ಹೊರಗೆ ಹೋಯಿತು

ನನ್ನ ಇಂಗ್ಲಿಷ್ ವಿದ್ಯಾಭ್ಯಾಸದ ಮೊದಲ ಅಪಮಾನಕ್ಕೆ ಒಂದು ದೀಪ ಕಾರಣ. ಆಗ ಏಳನೆಯ ತರಗತಿಯಲ್ಲಿದ್ದೆ. ಕನ್ನಡ ಶಾಲೆಗಳಲ್ಲಿ ಇಂಗ್ಲಿಷು ಐದನೆಯ ತರಗತಿಗೆ ಮೊದಲಾಗುತ್ತಿದ್ದ ಕಾಲ ಅದು; ಎರಡು ವರ್ಷದ ಬಂಡವಾಳ ನನ್ನದು. ಮೇಷ್ಟ್ರು ಕರಿಹಲಗೆಯ ಮೇಲೆ ‘ದಿ ಲ್ಯಾಂಪ್ ವೆಂಟ್ ಔಟ್’ ಎಂದು ಬರೆದು ಕನ್ನಡಕ್ಕೆ ತಿರುಗಿಸಿರೆಂದರು. ಲ್ಯಾಂಪ್ ಎಂದರೆ ದೀಪ, ವೆಂಟ್ ಎಂದರೆ ಹೋಯಿತು, ಔಟ್ ಎಂದರೆ ಹೊರಗೆ. ಒಂದೊಂದೂ ನನಗೆ ಗೊತ್ತಿದ್ದ ಮಾತೇ. ಎದ್ದುನಿಂತು ‘ದೀಪ ಹೊರಗೆ ಹೋಯಿತು’ ಎಂದೆ. ತರಗತಿ ಗೊಳ್ಳೆಂದಿತು. ಹಿಂದಿನ ಬೆಂಚಿನಿಂದ ಒಬ್ಬ, ‘ನೀರು ಕುಡಿಯೋಕೆ ಹೋಗಿರಬೇಕು ಸಾರ್’ ಎಂದ. ಮೇಷ್ಟ್ರು ನಗುತ್ತಲೇ ನನ್ನ ಕಿವಿ ಹಿಡಿದು, ‘ಆರಿತು ಕಣಯ್ಯ, ದೀಪ ಆರಿತು’ ಎಂದು ತಿದ್ದಿದರು. ಔಟ್ ಎಂದರೆ ಹೊರಗೆ ಎಂದು ಹೇಳಿಕೊಟ್ಟವರು ತಾವೇ ಅಲ್ಲವೆ ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ.

ಅಂದಿನ ಸಂಜೆಯೊಳಗೆ ಒಂದು ಪಟ್ಟಿ ಬರೆದುಕೊಂಡು ಬಾಯಿಪಾಠ ಮಾಡಬೇಕಾಯಿತು. ಗೋ ಔಟ್, ಆರು. ಪುಟ್ ಔಟ್, ಆರಿಸು. ಫೈಂಡ್ ಔಟ್, ಪತ್ತೆಮಾಡು. ಸೆಟ್ ಔಟ್, ಹೊರಡು. ಪಾಸ್ ಔಟ್, ಮೂರ್ಛೆಹೋಗು. ರನ್ ಔಟ್, ಮುಗಿದುಹೋಗು. ಕೊನೆಯದೊಂದು ಮಾತ್ರ ಮೊದಲೇ ಗೊತ್ತಿತ್ತು, ಅದೂ ಕ್ರಿಕೆಟ್ಟಿನ ದೆಸೆಯಿಂದ ತಪ್ಪಾಗಿ. ಪಟ್ಟಿಯಲ್ಲಿ ‘ಔಟ್’ ಎಂಬ ಸಣ್ಣ ಪದ ಪ್ರತಿ ಸಾಲಿನಲ್ಲಿಯೂ ಇತ್ತು. ಅದರ ಅರ್ಥ ಮಾತ್ರ ಯಾವ ಸಾಲಿನಲ್ಲಿಯೂ ಇರಲಿಲ್ಲ. ನನ್ನ ಪಕ್ಕದಲ್ಲಿ ಕುಳಿತು ಅದೇ ಪಟ್ಟಿಯನ್ನು ಉರುಹೊಡೆದ ಗೆಳೆಯನ ವಿಚಾರ ಮುಂದೆ ಹೇಳುತ್ತೇನೆ.

ಆ ಬೇಸಗೆಯಲ್ಲಿ ರಜಕ್ಕೆ ಎಂದಿನಂತೆ ಬೈರಕೂರಿಗೆ ಹೋದೆ. ನನ್ನ ತಾಯಿಯ ತವರು. ಮುಳುಬಾಗಿಲು ತಾಲ್ಲೂಕಿನ ಈ ಹೋಬಳಿ ನಮ್ಮ ರಾಜ್ಯದ ಮೂಡಣ ಅಂಚು. ಮುಳುಬಾಗಿಲು ಎಂದರೆ ಮೂಡಲ ಬಾಗಿಲು. ಬಾಗಿಲಾಚೆ ಪುಂಗನೂರು, ಪಲಮನೇರು, ಆಂಧ್ರದೇಶ. ಇಲ್ಲಿಯ ಎಷ್ಟೋ ಮನೆಗಳಲ್ಲಿ ಒಲೆಯ ಮುಂದೆ ತೆಲುಗು, ಶಾಲೆಯಲ್ಲಿ ಮತ್ತು ಕಾಗದಪತ್ರಗಳಲ್ಲಿ ಕನ್ನಡ. ಬೀಗರ ಕಡೆಯವರು ಬಂದರೆ ಅಷ್ಟಿಷ್ಟು ತಮಿಳೂ ಉಂಟು. ಇದನ್ನು ಯಾರೂ ವಿದ್ವತ್ತೆಂದು ತಿಳಿದಿಲ್ಲ. ಮೂರು ಭಾಷೆಯಲ್ಲಿ ದನ ಕೊಳ್ಳಬಲ್ಲವನನ್ನು ಅಲ್ಲಿ ಯಾರೂ ಪಂಡಿತ ಎನ್ನುವುದಿಲ್ಲ. ಒಂದು ರಾತ್ರಿ ಗಾಳಿಗೆ ನಡುಮನೆಯ ದೀಪ ಆರಿದಾಗ ಅಜ್ಜಿ ಕತ್ತಲಲ್ಲಿಯೇ, ‘ದೀಪಂ ಕೊಂಡೆಕ್ಕಿಂದಿ’ ಎಂದರು. ದೀಪ ಬೆಟ್ಟ ಹತ್ತಿತು ಎಂದರ್ಥ. ದೀಪ ಆರಿತೆಂದು ಬಾಯಲ್ಲಿ ಆಡುವುದು ಅಮಂಗಳ. ಆದ್ದರಿಂದ ತೆಲುಗರ ಮನೆಯಲ್ಲಿ ಅದು ಬೆಟ್ಟ ಹತ್ತುತ್ತದೆ. ಕನ್ನಡದವರೇನು ಕಡಮೆಯೆ? ಮಲಗುವ ಮುನ್ನ ‘ದೀಪ ದೊಡ್ಡದು ಮಾಡು’ ಎನ್ನುತ್ತೇವೆ, ಮಾಡುವುದು ಆರಿಸುವ ಕೆಲಸ.

ಇದನ್ನು ಅದುವರೆಗೆ ನೂರು ಸಲ ಕೇಳಿದ್ದೆ. ದೀಪಕ್ಕೆ ಕಾಲೆಲ್ಲಿ, ಹತ್ತಿದ್ದು ಮುಳುಬಾಗಿಲ ಬೆಟ್ಟವನ್ನೋ ಇನ್ನಾವುದನ್ನೋ ಎಂದು ಒಮ್ಮೆಯೂ ಕೇಳಿರಲಿಲ್ಲ. ಬೆಟ್ಟ ಹತ್ತುವ ದೀಪವನ್ನು ಒಪ್ಪಿದ್ದವನಿಗೆ ಹೊರಗೆ ಹೋದ ದೀಪ ಏಕೆ ಅಷ್ಟು ದುರ್ಗಮವಾಯಿತು? ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಕನ್ನಡ ಅಧ್ಯಾಪಕನಾಗಿ ಇಪ್ಪತ್ತು ವರ್ಷ ವ್ಯಾಕರಣ ಪಾಠ ಹೇಳಿದ ಮೇಲೂ ಅದರ ಹಿಂದೆಯೇ ಪುಸ್ತಕಗಳನ್ನು ತಿರುವಿದ್ದೇನೆ. ತಿರುವಿದಾಗ ಕಂಡದ್ದು ಒಂದು ಸ್ವಾರಸ್ಯವಾದ ಚರಿತ್ರೆ.

ಈ ಕಷ್ಟ ನಮ್ಮೊಬ್ಬರದೇ ಅಲ್ಲ ಎಂಬುದು ಮೊದಲ ಸಮಾಧಾನ. ೧೭೫೫ರಲ್ಲಿ ತನ್ನ ಮಹಾನಿಘಂಟನ್ನು ಹೊರತಂದ ಸ್ಯಾಮ್ಯುಯೆಲ್ ಜಾನ್ಸನ್ ಅದರ ಮುನ್ನುಡಿಯಲ್ಲಿಯೇ ಇದನ್ನು ಗುರುತಿಸಿದ್ದಾನೆ. ಕ್ರಿಯಾಪದದ ಬೆನ್ನಿಗೆ ಒಂದು ಚಿಕ್ಕ ಪದವನ್ನು ಅಂಟಿಸಿ ಅರ್ಥವನ್ನೇ ಬದಲಾಯಿಸುವ ಪದ್ಧತಿ ತನ್ನ ಭಾಷೆಯಲ್ಲಿ ಬೇರಾವುದಕ್ಕಿಂತಲೂ ಹೆಚ್ಚಾಗಿದೆಯೆಂದೂ, ಪರದೇಶದವರಿಗೆ ಅದರಷ್ಟು ಕಠಿಣವಾದುದು ಇನ್ನೊಂದಿಲ್ಲವೆಂದೂ, ತಾನು ಅವುಗಳನ್ನು ಶ್ರಮಪಟ್ಟು ಕೂಡಿಸಿದ್ದೇನೆಂದೂ ಅವನು ಹೇಳುತ್ತಾನೆ. ಪದ್ಧತಿ ಅವನ ಕಾಲಕ್ಕೇ ಹಳೆಯದು. ೧೨ನೆಯ ಶತಮಾನದಲ್ಲಿ ಪೀಟರ್‌ಬರೋ ಮಠದ ಸಂನ್ಯಾಸಿಗಳು ಬರೆದಿಟ್ಟ ವೃತ್ತಾಂತದಲ್ಲಿ ಕೋಟೆಗಳನ್ನು ಒಪ್ಪಿಸಿಬಿಡುವ ಸಂದರ್ಭಕ್ಕೆ ‘ಗಿವ್ ಅಪ್’ ಎಂಬುದರ ಪೂರ್ವಜ ಆಗಲೇ ಕುಳಿತಿದೆ. ಹಾಗಿದ್ದೂ ಈ ಜಾತಿಯ ಕ್ರಿಯಾಪದಕ್ಕೆ ಒಂದು ಹೆಸರಿಡಲು ಇಂಗ್ಲಿಷಿನವರಿಗೆ ಬಹಳ ಕಾಲ ಹಿಡಿಯಿತು. ‘ಫ್ರೇಸಲ್ ವರ್ಬ್’ ಎಂಬ ಹೆಸರು ಅಚ್ಚಿನಲ್ಲಿ ಬಳಕೆಗೆ ಬಂದದ್ದು ೧೯೨೫ರಲ್ಲಿ, ಲೋಗನ್ ಪಿಯರ್ಸಲ್ ಸ್ಮಿತ್ ಬರೆದ ಪುಸ್ತಕದಿಂದ. ಹೆಸರನ್ನು ಸೂಚಿಸಿದವನು ಆಕ್ಸ್‌ಫರ್ಡ್ ನಿಘಂಟಿನ ಸಂಪಾದಕರಲ್ಲೊಬ್ಬನಾದ ಹೆನ್ರಿ ಬ್ರಾಡ್ಲಿ ಎಂದು ಸ್ಮಿತ್ತನೇ ಹೇಳಿದ್ದಾನೆ. ಆ ನಿಘಂಟಿನ ಮೊದಲ ಆವೃತ್ತಿ ಮುಗಿದದ್ದು ೧೯೨೮ರಲ್ಲಿ. ಅದರಲ್ಲಿ ಎಲ್ಲಕ್ಕಿಂತ ಉದ್ದವಾದ ನಮೂದು ಯಾವ ಗಂಭೀರ ಪದದ್ದೂ ಅಲ್ಲ, ‘ಸೆಟ್’ ಎಂಬ ಮೂರಕ್ಷರದ್ದು. ಸೆಟ್ ಔಟ್, ಸೆಟ್ ಅಪ್, ಸೆಟ್ ಆಫ್ ಎಂದು ಸಣ್ಣ ಪದಗಳು ಬೆನ್ನಿಗೆ ಬಂದಷ್ಟೂ ಅದು ಬೆಳೆಯುತ್ತದೆ.

ಇನ್ನು ನಮ್ಮ ಕಡೆಯ ಚರಿತ್ರೆ. ಇಂಗ್ಲಿಷು ಕಲಿಯಲು ನಾವು ಒದ್ದಾಡಿದ ಕಥೆ ಎಲ್ಲರಿಗೂ ಗೊತ್ತು. ಕನ್ನಡ ಕಲಿಯಲು ಇಂಗ್ಲಿಷರು ಒದ್ದಾಡಿದ ಕಥೆ ಅಷ್ಟೇ ಹಳೆಯದು. ೧೮೧೭ರಲ್ಲಿ ಶ್ರೀರಾಂಪುರದಲ್ಲಿ ವಿಲಿಯಂ ಕ್ಯಾರಿಯ ಕನ್ನಡ ವ್ಯಾಕರಣ ಅಚ್ಚಾಯಿತು. ೧೮೨೦ರಲ್ಲಿ ಮದರಾಸಿನ ಅಧಿಕಾರಿ ಮೆಕೆರೆಲ್ ಇನ್ನೊಂದನ್ನು ಬರೆದ. ಬಳ್ಳಾರಿಯ ಪಾದ್ರಿ ವಿಲಿಯಂ ರೀವ್ ೧೮೨೪ರಲ್ಲಿ ಇಂಗ್ಲಿಷ್-ಕನ್ನಡ, ೧೮೩೨ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟುಗಳನ್ನು ಕೊಟ್ಟ. ೧೮೫೯ರಲ್ಲಿ ವೆಸ್ಲಿಯನ್ ಮಿಷನ್ನಿನ ಥಾಮಸ್ ಹಾಡ್ಸನ್ನನ ವ್ಯಾಕರಣ. ೧೮೯೪ರಲ್ಲಿ ಮಂಗಳೂರಿನಿಂದ ಕಿಟ್ಟೆಲರ ಮಹಾಕೋಶ. ೧೯೧೪ರಲ್ಲಿ ಹೆರಾಲ್ಡ್ ಸ್ಪೆನ್ಸರನ ವ್ಯಾಕರಣ. ಒಂದು ನೂರು ವರ್ಷದ ಬೆವರು ಇದು.

ಈ ಮಹನೀಯರು ಬೆವರಿದ್ದು ಎಲ್ಲಿ ಎಂದು ನೋಡಬೇಕು. ವಿಭಕ್ತಿಗಳು ಅವರಿಗೆ ಕಷ್ಟವಲ್ಲ, ಲ್ಯಾಟಿನ್ ಓದಿ ಬಂದವರು. ಹೊಸಬನನ್ನು ಕೆಡಹುವುದು ‘ಬಿಡು’, ‘ಹೋಗು’, ‘ಹಾಕು’, ‘ಕೊಳ್ಳು’ ಎಂಬ ನಮ್ಮ ಪುಟಾಣಿ ಪದಗಳು. ‘ಬಿಡು’ ಎಂದರೆ ತ್ಯಜಿಸು ಎಂದು ಮೊದಲ ದಿನ ಕಲಿತವನು ‘ತಿಂದುಬಿಡು’ ಎಂಬುದನ್ನು ಕೇಳಿ ತಟ್ಟೆಯನ್ನು ದೂರ ಸರಿಸಬೇಕೆ, ಬಳಿದು ತಿನ್ನಬೇಕೆ? ‘ಹೇಳಿಬಿಡು’ ಎಂದರೆ ಹೇಳುವುದನ್ನು ನಿಲ್ಲಿಸಬೇಕೆ? ‘ಸತ್ತುಹೋದ’ ಎಂಬಲ್ಲಿ ಸತ್ತ ಮೇಲೆ ಆತ ಹೋದದ್ದೆಲ್ಲಿಗೆ? ಪಾದ್ರಿಯಾದವನಿಗೆ ಇದು ವ್ಯಾಕರಣದ ಪ್ರಶ್ನೆಯೊ ಪರಲೋಕದ ಪ್ರಶ್ನೆಯೊ ಎಂದು ನೆನೆದಾಗಲೆಲ್ಲ ನನಗೆ ನಗು ಬರುತ್ತದೆ. ಅಂತೂ ಸ್ಪೆನ್ಸರನಂಥವರು ಈ ಪದಗಳನ್ನು ಸಹಾಯಕ ಕ್ರಿಯೆಗಳೆಂದು ಬೇರೆಯಾಗಿ ಎತ್ತಿಕೊಂಡು, ಇಲ್ಲಿ ಮೂಲಾರ್ಥ ಹಿಡಿಯಬಾರದು, ಕೆಲಸ ಪೂರ್ತಿಯಾಯಿತೆಂದೋ ಗಟ್ಟಿಯಾಗಿ ನಡೆಯಿತೆಂದೋ ತಿಳಿಯಬೇಕೆಂದು ವಿವರಿಸಬೇಕಾಯಿತು. ನಾನು ಶಾಲೆಯಲ್ಲಿ ಓದಿದ ಕನ್ನಡ ವ್ಯಾಕರಣದಲ್ಲಿ ಇಂಥ ಪಾಠವೇ ಇರಲಿಲ್ಲ. ಮನೆಮಗನಿಗೆ ಮನೆಯ ಬಾಗಿಲೆಲ್ಲಿ ಎಂದು ಯಾರು ತೋರಿಸುತ್ತಾರೆ?

ಕಿಟ್ಟೆಲರಿಗೆ ಒಂದು ಅನುಕೂಲ ಇತ್ತೆಂದು ನನ್ನ ಊಹೆ. ಅವರ ತಾಯ್ನುಡಿ ಜರ್ಮನ್. ಆ ಭಾಷೆಯಲ್ಲಿ ತಿನ್ನುವುದು ‘ಎಸ್ಸೆನ್’, ತಿಂದುಬಿಡುವುದು ‘ಔಫ್‌ಎಸ್ಸೆನ್’. ವಾಕ್ಯದಲ್ಲಿ ಬಳಸುವಾಗ ‘ಔಫ್’ ಕಳಚಿಕೊಂಡು ವಾಕ್ಯದ ಕೊನೆಗೆ ಓಡಿಹೋಗಿ ಕೂರುತ್ತದೆ. ಇಂಥ ತುಂಟ ಪದವನ್ನು ತೊಟ್ಟಿಲಿನಿಂದಲೇ ಬಲ್ಲವರಿಗೆ ನಮ್ಮ ‘ಬಿಡು’ ಅಷ್ಟು ಹೊಸದೆನಿಸಿರಲಾರದು.

ಈಗ ನಮ್ಮ ಶಾಲೆಗಳ ಕಡೆಗೆ ಬರೋಣ. ೧೮೩೩ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಮೈಸೂರಿನಲ್ಲಿ ಇಂಗ್ಲಿಷ್ ಶಾಲೆಯೊಂದನ್ನು ತೆರೆಸಿದರು. ೧೮೫೮ರಲ್ಲಿ ಬೆಂಗಳೂರಿನಲ್ಲಿ ಹೈಸ್ಕೂಲು ಬಂದು, ೧೮೭೫ರಲ್ಲಿ ಅದು ಸೆಂಟ್ರಲ್ ಕಾಲೇಜಾಯಿತು. ೧೯೧೬ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಹುಟ್ಟುವವರೆಗೆ ಎಲ್ಲರ ಕಣ್ಣೂ ಮದರಾಸಿನ ಪರೀಕ್ಷೆಗಳ ಮೇಲೆ. ಓದಿಸುತ್ತಿದ್ದುದು ಕಾವ್ಯ, ನಾಟಕ, ಭಾರವಾದ ಪ್ರಬಂಧ. ಆ ಓದಿನಿಂದ ಬಂದ ಇಂಗ್ಲಿಷಿನಲ್ಲಿ ಬೆಂಕಿಯನ್ನು ‘ಎಕ್ಸ್‌ಟಿಂಗ್ವಿಷ್’ ಮಾಡುತ್ತಿದ್ದರು. ‘ಪುಟ್ ಔಟ್’ ಮಾಡುತ್ತಿದ್ದವರು ವಿರಳ.

ಇದಕ್ಕೆ ಕಾರಣ ನಮ್ಮ ಸ್ವಭಾವದಲ್ಲಿಯೂ ಇತ್ತು. ಲ್ಯಾಟಿನ್ನಿನಿಂದ ಬಂದ ಉದ್ದ ಪದ ಇಂಗ್ಲಿಷಿಗೆ ತತ್ಸಮವಿದ್ದಂತೆ. ಸಣ್ಣ ಕ್ರಿಯೆಯೂ ಅದರ ಬಾಲವೂ ಸೇರಿದ ಮಾತು ದೇಶ್ಯವಿದ್ದಂತೆ. ‘ಸ್ವೀಕರಿಸು’ ಎಂಬುದಕ್ಕೂ ‘ತೆಗೆದುಕೊ’ ಎಂಬುದಕ್ಕೂ ಇರುವ ಅಂತರ ಅದು. ಸಂಸ್ಕೃತದ ನೆರಳಿನಲ್ಲಿ ಬೆಳೆದ ನಮ್ಮವರು ಇಂಗ್ಲಿಷಿನಲ್ಲಿಯೂ ತತ್ಸಮವನ್ನೇ ಹುಡುಕಿದರು. ಗೌರವಕ್ಕೂ ಅದೇ ಮೇಲು, ಪರೀಕ್ಷೆಗೂ ಅದೇ ಕ್ಷೇಮ. ಉದ್ದ ಪದಕ್ಕೆ ಒಂದೇ ಅರ್ಥ, ಅದು ಸ್ಥಳ ಬಿಟ್ಟು ಕದಲುವುದಿಲ್ಲ. ಬೆಂಗಳೂರಿನ ಹಳೆಯ ಬಡಾವಣೆಗಳನ್ನು ನೋಡಿ. ೧೮೯೦ರ ದಶಕದ ಮಲ್ಲೇಶ್ವರ, ಬಸವನಗುಡಿಗಳು ‘ಎಕ್ಸ್‌ಟೆನ್ಷನ್’, ಬಿ.ಟಿ.ಎಂ., ಎಚ್.ಎಸ್.ಆರ್. ಕಾಲಕ್ಕೆ ಬಂದರೆ ‘ಲೇಔಟ್’. ಹೆಸರುಗಳು ಲ್ಯಾಟಿನ್ನಿನಿಂದ ಇಳಿದು ದೇಶ್ಯಕ್ಕೆ ಬಂದಿವೆ.

ಬೆಂಕಿಯ ಮಾತು ಬಂದಾಗ ಒಂದು ವಿಷಯ ಹೇಳದೆ ಇರಲಾರೆ. ಸಂಸ್ಕೃತದಲ್ಲಿ ಉಪಸರ್ಗ ಧಾತುವಿನ ಮುಂದೆ ನಿಂತು ಅರ್ಥವನ್ನು ಎಳೆದಾಡುವುದನ್ನು ವಾಚಕರು ಬಲ್ಲರು: ಆಹಾರ, ವಿಹಾರ, ಸಂಹಾರ ಎಲ್ಲಕ್ಕೂ ಒಂದೇ ಧಾತು. ಇಂಗ್ಲಿಷಿನಲ್ಲಿ ಆ ಉಪಸರ್ಗ ಹಿಂದೆ ಬಂದು ನಿಂತಿದೆ ಎಂದುಕೊಂಡರೆ ಅರ್ಧ ಭಯ ಹೋಗುತ್ತದೆ. ‘ನಿರ್ವಾಣ’ ಎಂಬ ಮಹಾಶಬ್ದವನ್ನು ಬಿಡಿಸಿ ನೋಡಿ. ‘ವಾ’ ಎಂದರೆ ಬೀಸು, ‘ನಿರ್’ ಎಂದರೆ ಹೊರಗೆ. ದೀಪವನ್ನು ಊದಿ ಆರಿಸಿದಂತಹ ಸ್ಥಿತಿ. ಇಂಗ್ಲಿಷಿನಲ್ಲಿ ಅಕ್ಷರಶಃ ‘ಬ್ಲೋ ಔಟ್’. ಬುದ್ಧನ ದೀಪವೂ ಹೊರಗೇ ಹೋಯಿತು! ಏಳನೆಯ ತರಗತಿಯಲ್ಲಿ ಇದು ಗೊತ್ತಿದ್ದಿದ್ದರೆ ಹಿಂದಿನ ಬೆಂಚಿನವನಿಗೆ ತಕ್ಕ ಉತ್ತರ ಕೊಡುತ್ತಿದ್ದೆ.

ನಮ್ಮ ಕೋಲಾರದ ಸೀಮೆ ಇಂಗ್ಲಿಷು ಕಲಿಯಲಾರದ ಸೀಮೆಯೇನೂ ಅಲ್ಲ. ಮಾಲೂರು ತಾಲ್ಲೂಕಿನಲ್ಲಿ ೧೮೯೧ರಲ್ಲಿ ಹುಟ್ಟಿದ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ೧೯೧೪ರಲ್ಲಿ ಮದರಾಸು ವಿಶ್ವವಿದ್ಯಾನಿಲಯದಿಂದ ಇಂಗ್ಲಿಷ್ ಸಾಹಿತ್ಯದಲ್ಲಿ ಎಂ. ಎ. ಪಡೆದರು; ಕಥೆಗಳನ್ನು ಬರೆದದ್ದು ಮಾತ್ರ ಅಚ್ಚ ಕನ್ನಡದಲ್ಲಿ. ಮುಳುಬಾಗಿಲಿನಲ್ಲಿಯೇ ೧೮೮೭ರಲ್ಲಿ ಹುಟ್ಟಿದ ಡಿ. ವಿ. ಗುಂಡಪ್ಪನವರ ಕಥೆ ಇನ್ನೂ ಸೋಜಿಗದ್ದು. ಅವರು ಮೆಟ್ರಿಕ್ಯುಲೇಷನ್ ಪರೀಕ್ಷೆಯನ್ನು ದಾಟಲಿಲ್ಲ. ಆದರೆ ೧೯೧೦ರ ದಶಕದಲ್ಲಿ ಬೆಂಗಳೂರಿನಿಂದ ಇಂಗ್ಲಿಷ್ ಪತ್ರಿಕೆಯೊಂದನ್ನು ನಡೆಸಿದರು. ಪರೀಕ್ಷೆಯ ಇಂಗ್ಲಿಷೇ ಬೇರೆ, ಇಂಗ್ಲಿಷೇ ಬೇರೆ ಎಂಬುದಕ್ಕೆ ನಮ್ಮ ತಾಲ್ಲೂಕಿಗಿಂತ ದೂರ ಹೋಗಬೇಕಿಲ್ಲ.

ಕಲಿಸುವವರು ಸುಮ್ಮನೆ ಕುಳಿತಿರಲಿಲ್ಲ. ಢಾಕಾದಲ್ಲಿ ಕೆಲಸ ಮಾಡುತ್ತಿದ್ದ ಮೈಕೇಲ್ ವೆಸ್ಟ್ ೧೯೨೦ರ ದಶಕದಲ್ಲಿ ಬಂಗಾಳದ ಹುಡುಗರಿಗಾಗಿ ಪದಗಳನ್ನು ಎಣಿಸಿ ಅಳೆದು ವಾಚನಪುಸ್ತಕಗಳನ್ನು ರಚಿಸಿದ. ಮುಂದೆ ೧೯೫೩ರಲ್ಲಿ ಅವನು ಪ್ರಕಟಿಸಿದ ಸುಮಾರು ೨೦೦೦ ಪದಗಳ ಪಟ್ಟಿ ಲೋಕಪ್ರಸಿದ್ಧವಾಯಿತು. ೧೯೩೦ರಲ್ಲಿ ಆಗ್ಡೆನ್ ಎಂಬ ಪಂಡಿತ ‘ಬೇಸಿಕ್ ಇಂಗ್ಲಿಷ್’ ಎಂಬುದನ್ನು ಸಾರಿದ. ೮೫೦ ಪದಗಳು ಸಾಕು, ಕ್ರಿಯಾಪದಗಳಂತೂ ಇಪ್ಪತ್ತೂ ಬೇಡ ಎಂದು ಅವನ ಪ್ರತಿಜ್ಞೆ. ೧೯೪೩ರಲ್ಲಿ ಚರ್ಚಿಲ್ಲನೂ ಅದನ್ನು ಹೊಗಳಿದ. ಆದರೆ ಇಪ್ಪತ್ತಕ್ಕೆ ಒಳಗಿನ ಕ್ರಿಯಾಪದಗಳಿಂದ ಸಂಸಾರ ನಡೆಯುವುದು ಹೇಗೆ? ‘ಪುಟ್’, ‘ಗೋ’, ‘ಗೆಟ್’, ‘ಟೇಕ್’ಗಳಿಗೆ ‘ಔಟ್’, ‘ಅಪ್’, ‘ಆಫ್’ ಕಟ್ಟಿ! ‘ಎಕ್ಸ್‌ಟಿಂಗ್ವಿಷ್’ ಎಂಬ ಒಂದು ಪದ ಕಲಿಯುವ ಕಷ್ಟ ತಪ್ಪಿಸಿ ‘ಪುಟ್ ಔಟ್’ ಎಂಬ ಒಗಟನ್ನು ಕೈಗೆ ಕೊಟ್ಟ ಹಾಗಾಯಿತು. ಅಂಗಡಿಯವನ ಲೆಕ್ಕದಲ್ಲಿ ಪದ ಎರಡೇ, ಹಳೆಯವೇ. ಕಲಿಯುವವನ ಲೆಕ್ಕದಲ್ಲಿ ಅದು ಮೂರನೆಯದು, ಹೊಸದು. ಜಪಾನಿನಲ್ಲಿ ಪಾಠ ಹೇಳುತ್ತಿದ್ದ ಹಾರ್ನ್‌ಬಿ ಈ ಸೂಕ್ಷ್ಮವನ್ನು ಅರಿತವನು. ೧೯೪೨ರಲ್ಲಿ ಅಲ್ಲಿ ಅಚ್ಚಾದ ಅವನ ನಿಘಂಟು ಪರದೇಶದ ವಿದ್ಯಾರ್ಥಿಗೆಂದೇ ಹುಟ್ಟಿದ್ದು. ಅದರ ಸಂತತಿ ಇಂದಿಗೂ ನಮ್ಮ ಕಾಲೇಜಿನ ಹುಡುಗರ ಕೈಯಲ್ಲಿದೆ.

ನಮ್ಮ ತರಗತಿಗಳಲ್ಲಿ ಮಾತ್ರ ಎರಡು ಅತಿಗಳು ಒಂದರ ಹಿಂದೊಂದು ಬಂದವು. ಮೊದಲು ಭಾಷಾಂತರದ ಯುಗ: ಪದಕ್ಕೆ ಪದ ಇಡು, ಲ್ಯಾಂಪಿಗೆ ದೀಪ, ಔಟಿಗೆ ಹೊರಗೆ. ಅದರ ಫಲ ಮೇಲೆ ಹೇಳಿದೆ. ಇದಕ್ಕೆ ಬೇಸತ್ತು ಹೊಸ ವಿಧಾನಗಳು ಬಂದವು. ೧೯೫೮ರಲ್ಲಿ ಹೈದರಾಬಾದಿನಲ್ಲಿ, ೧೯೬೩ರಲ್ಲಿ ಬೆಂಗಳೂರಿನಲ್ಲಿ ಇಂಗ್ಲಿಷ್ ಬೋಧನೆಗೆಂದೇ ಸಂಸ್ಥೆಗಳು ಏರ್ಪಟ್ಟವು; ವಾಕ್ಯದ ಅಚ್ಚುಗಳನ್ನು ಮತ್ತೆ ಮತ್ತೆ ಹೇಳಿಸಿ ಕಲಿಸುವ ಪದ್ಧತಿ ಹರಡಿತು. ೧೯೭೯ರಿಂದ ೧೯೮೪ರವರೆಗೆ ಎನ್. ಎಸ್. ಪ್ರಭು ಅವರು ಬೆಂಗಳೂರು ಮದರಾಸುಗಳ ಶಾಲೆಗಳಲ್ಲಿ ವ್ಯಾಕರಣದ ಪಟ್ಟಿಯನ್ನೇ ಬದಿಗಿಟ್ಟು, ಹುಡುಗರ ಬುದ್ಧಿಗೆ ಕೆಲಸ ಕೊಟ್ಟು ಭಾಷೆ ಬೆಳೆಸಬಹುದೆಂದು ಪ್ರಯೋಗ ಮಾಡಿದರು; ‘ಬೆಂಗಳೂರು ಪ್ರಯೋಗ’ವೆಂದು ಅದು ಹೊರದೇಶಗಳಲ್ಲಿಯೂ ಹೆಸರಾಯಿತು. ಇವೆಲ್ಲ ದೊಡ್ಡ ಕೆಲಸಗಳು. ಆದರೆ ಹೊಸ ವಿಧಾನಗಳ ಗಾಳಿ ಸಾಮಾನ್ಯ ಶಾಲೆಗೆ ಬೀಸಿದಾಗ ಅಲ್ಲಿ ಉಳಿದ ಉಪದೇಶ ಒಂದೇ: ಇಂಗ್ಲಿಷ್ ತರಗತಿಯಲ್ಲಿ ಕನ್ನಡ ಕೂಡದು. ಹಾಗೆ ಮೊದಲು ತಪ್ಪು ಕನ್ನಡ ಕೊಟ್ಟರು, ಆಮೇಲೆ ಕನ್ನಡವನ್ನೇ ಕಿತ್ತುಕೊಂಡರು. ಸರಿಯಾದ ಕನ್ನಡವನ್ನು ಕೊಟ್ಟು ನೋಡಲಿಲ್ಲ.

ಸರಿಯಾದ ಕನ್ನಡ ಯಾವುದು? ಅಜ್ಜಿಯ ನಡುಮನೆಗೆ ಹಿಂತಿರುಗಬೇಕು. ದೀಪ ಬೆಟ್ಟ ಹತ್ತದ ದಿನ, ಮಾತಿಗೆ ಮಡಿಯಿಲ್ಲದಾಗ, ನಾವು ‘ದೀಪ ಆರಿಹೋಯಿತು’ ಎನ್ನುತ್ತೇವೆ. ತೆಲುಗಿನಲ್ಲಿ ‘ಆರಿಪೋಯಿಂದಿ’. ತಮಿಳಿನಲ್ಲಿ ‘ಅಣಂಜು ಪೋಚ್ಚು’. ಮೂರರಲ್ಲಿಯೂ ದೀಪ ‘ಹೋಗಿದೆ’. ಇಂಗ್ಲಿಷಿನ ದೀಪವೂ ‘ವೆಂಟ್’, ಹೋಯಿತು! ನಾಲ್ಕು ಭಾಷೆಯ ದೀಪಗಳೂ ಒಂದೇ ದಾರಿ ಹಿಡಿದಿವೆ. ಹೇಗೆ ಹೋಯಿತೆಂಬುದನ್ನು ನಾವು ಮುಂದೆ ಹೇಳುತ್ತೇವೆ, ಅವರು ಹಿಂದೆ ಹೇಳುತ್ತಾರೆ. ನಾನು ತಪ್ಪಿದ್ದು ‘ಔಟ್’ ಎಂಬಲ್ಲಿ; ‘ಹೋಯಿತು’ ಎಂಬಲ್ಲಿ ಅಲ್ಲ. ಮೇಷ್ಟ್ರು ‘ಆರಿತು’ ಎಂದು ತಿದ್ದುವಾಗ ಆ ‘ಹೋಯಿತು’ ಎಂಬುದನ್ನೂ ಅಳಿಸಿಬಿಟ್ಟರು.

ಈ ಒಂದು ಎಳೆ ಹಿಡಿದು ಹೊರಟರೆ ನನ್ನ ಹಳೆಯ ಪಟ್ಟಿಯ ಗಂಟುಗಳು ಬಿಚ್ಚುತ್ತವೆ. ‘ವೇರ್ ಔಟ್’ ಸವೆದುಹೋಗು. ‘ಡೈ ಔಟ್’ ಅಳಿದುಹೋಗು. ‘ರನ್ ಔಟ್’ ಮುಗಿದುಹೋಗು. ‘ಪಾಸ್ ಔಟ್’ ಮೂರ್ಛೆಹೋಗು. ಇಲ್ಲೆಲ್ಲ ‘ಔಟ್’ ಮಾಡುವ ಕೆಲಸವನ್ನು ನಮ್ಮಲ್ಲಿ ‘ಹೋಗು’ ಮಾಡುತ್ತದೆ: ಇದ್ದದ್ದು ಇಲ್ಲವಾಯಿತು, ತೀರಿತು, ಕಣ್ಣಿನಿಂದ ಮರೆಯಾಯಿತು. ಇನ್ನೊಂದು ಗುಂಪಿನಲ್ಲಿ ‘ಔಟ್’ ನಮ್ಮ ‘ಹೊರ’ವೇ. ‘ಸೆಟ್ ಔಟ್’ ಎಂಬುದಕ್ಕೆ ‘ಹೊರಡು’ ಎಂದು ಉರುಹೊಡೆದೆನಲ್ಲ, ಆ ‘ಹೊರಡು’ ಹುಟ್ಟಿದ್ದೇ ‘ಹೊರ’ ಎಂಬುದರಿಂದ. ಹಳಗನ್ನಡ ಕಾವ್ಯಗಳಲ್ಲಿ ರಾಜರು ದಂಡಿನೊಡನೆ ‘ಪೊಱಮಡು’ವುದನ್ನು ಓದಿದವರಿಗೆ ಇದು ತಿಳಿದದ್ದೇ. ಪುಸ್ತಕವನ್ನು ಹೊರತರುತ್ತೇವೆ, ಆಜ್ಞೆಯನ್ನು ಹೊರಡಿಸುತ್ತೇವೆ, ಗುಟ್ಟು ಹೊರಬೀಳುತ್ತದೆ, ಬಾಡಿಗೆ ಕೊಡದವನನ್ನು ಹೊರಹಾಕುತ್ತಾರೆ. ಈ ಲೇಖನದ ಮೊದಲಲ್ಲಿ ಜಾನ್ಸನ್ ನಿಘಂಟನ್ನು ‘ಹೊರತಂದ’ ಎಂದು ನಾನೇ ಬರೆದೆ. ಬರೆಯುವಾಗ ನನಗಾದರೂ ಎಚ್ಚರವಿತ್ತೆ? ಇದೇ ಬಗೆಯಲ್ಲಿ ‘ಅಪ್’ ಎಂಬುದರ ಬೀಗಕ್ಕೆ ‘ಬಿಡು’, ‘ಹಾಕು’ ಎಂಬ ಕೀಲಿಕೈಗಳು ಎಷ್ಟೋ ಸಲ ಕೂಡುತ್ತವೆ. ‘ಈಟ್ ಅಪ್’ ತಿಂದುಬಿಡು, ‘ಟೇರ್ ಅಪ್’ ಹರಿದುಹಾಕು. ಬೈರಕೂರಿನ ತಾಯಿ ಮಗುವಿಗೆ ‘ತಿನೇಯ್’ ಎಂದು ತೆಲುಗಿನಲ್ಲಿ ಗದರುವಾಗ ಅಲ್ಲಿರುವುದೂ ಅದೇ ಕೀಲಿಕೈ.

ಎಲ್ಲ ಬೀಗವೂ ತೆರೆಯುತ್ತದೆಂದು ಹೇಳಿದರೆ ಸುಳ್ಳಾದೀತು. ‘ಟರ್ನ್ ಔಟ್’, ‘ಕ್ಯಾರಿ ಔಟ್’ಗಳಿಗೆ ನಮ್ಮಲ್ಲಿ ಕೀಲಿಯಿಲ್ಲ, ‘ಪುಟ್ ಅಪ್ ವಿತ್’ ಎಂಬುದನ್ನು ಇಂದಿಗೂ ಸಹಿಸಿಕೊಂಡಿದ್ದೇನೆ ಅಷ್ಟೆ. ಮನೆ ‘ಬರ್ನ್ ಅಪ್’ ಆದರೂ ‘ಬರ್ನ್ ಡೌನ್’ ಆದರೂ ಉಳಿಯುವುದು ಬೂದಿಯೇ. ಮೇಲಕ್ಕೋ ಕೆಳಕ್ಕೋ ಎಂಬುದನ್ನು ಇಂಗ್ಲಿಷಿನವರನ್ನೇ ಕೇಳಬೇಕು. ಆದರೂ ಇದೆಲ್ಲ ಗೊತ್ತುಗುರಿಯಿಲ್ಲದ ಕಾಡಲ್ಲವೆಂದು ವಿದ್ವಾಂಸರೂ ಒಪ್ಪಿದ್ದಾರೆ. ೧೯೮೧ರಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯೇಗೋದಲ್ಲಿ ಸೂಸನ್ ಲಿಂಡ್ನರ್ ಎಂಬಾಕೆ ‘ಔಟ್’, ‘ಅಪ್’ ಎಂಬ ಎರಡೇ ಪದಗಳ ಮೇಲೆ ಒಂದು ಇಡೀ ಮಹಾಪ್ರಬಂಧ ಬರೆದು, ಪ್ರತಿಯೊಂದರ ಹಿಂದೆಯೂ ಒಂದು ಚಿತ್ರವಿದೆಯೆಂದು ವಾದಿಸಿದರು. ಒಂದು ಆವರಣ, ಅದರಿಂದ ಆಚೆ ಹೋಗುವ ವಸ್ತು. ನೋಡುವವನು ಎಲ್ಲಿ ನಿಂತಿದ್ದಾನೆ ಎಂಬುದರ ಮೇಲೆ ಉಳಿದದ್ದು. ನಕ್ಷತ್ರಗಳು ‘ಕಮ್ ಔಟ್’: ಬರುತ್ತವೆ, ಕಾಣುತ್ತವೆ. ದೀಪ ‘ಗೋಸ್ ಔಟ್’: ಹೋಗುತ್ತದೆ, ಕಾಣದಾಗುತ್ತದೆ. ಬರುವುದಕ್ಕೂ ಹೋಗುವುದಕ್ಕೂ ಕಾಣುವುದಕ್ಕೂ ಇರುವ ಈ ನಂಟನ್ನು ‘ಬೆಳಕಿಗೆ ಬಂತು’, ‘ಮರೆತುಹೋಯಿತು’ ಎನ್ನುವ ಕನ್ನಡಿಗನಿಗೆ ಕ್ಯಾಲಿಫೋರ್ನಿಯಾದಿಂದ ಬಂದು ಹೇಳಬೇಕಾಗಿರಲಿಲ್ಲ.

ಈ ನಡುವೆ ‘ಔಟ್’ ತಾನೇ ನಡೆದು ನಮ್ಮ ಊರುಗಳಿಗೆ ಬಂದುಬಿಟ್ಟಿತು. ಕ್ರಿಕೆಟ್ಟಿನ ಔಟು, ಸಿನಿಮಾದ ಕಟೌಟು, ಕಾರ್ಖಾನೆಯ ಲಾಕೌಟು, ವಿಧಾನಸಭೆಯ ವಾಕೌಟು, ಅರ್ಜಿಯ ಪ್ರಿಂಟೌಟು. ವಡ್ಡಹಳ್ಳಿಯ ಮಾರುಕಟ್ಟೆಗೆ ಟೊಮೇಟೊ ಪೆಟ್ಟಿಗೆ ಹೊತ್ತೊಯ್ಯುವ ಗಾಡಿ ‘ಪಿಕಪ್ಪು’. ಅದು ದಿಣ್ಣೆ ಹತ್ತದಿದ್ದರೆ ಚಾಲಕ ‘ಇದಕ್ಕೆ ಪಿಕಪ್ಪೇ ಇಲ್ಲ’ ಎನ್ನುತ್ತಾನೆ. ಶಾಲೆಯ ಮುಖ ನೋಡದವರೂ ಆಡುವ ಮಾತುಗಳಿವು, ಒಂದೂ ತಪ್ಪಿಲ್ಲ.

ಇವುಗಳ ಸಾಲಿನಲ್ಲಿಯೇ ‘ಡ್ರಾಪೌಟು’ ಎಂಬುದೊಂದಿದೆ. ಶಾಲೆ ಬಿಟ್ಟ ಮಕ್ಕಳಿಗೆ ಸರ್ಕಾರದ ಕಾಗದಗಳಲ್ಲಿಯೂ ಮೇಷ್ಟ್ರುಗಳ ಬಾಯಲ್ಲಿಯೂ ಈ ಹೆಸರು. ನನ್ನೊಡನೆ ಆ ಪಟ್ಟಿಯನ್ನು ಉರುಹೊಡೆದ ಗೆಳೆಯ ಗಣಿತದಲ್ಲಿ ನನಗಿಂತ ಚುರುಕು. ಮೂರು ಭಾಷೆ ಬಲ್ಲವನು. ಹತ್ತನೆಯ ತರಗತಿಯಲ್ಲಿ ಇಂಗ್ಲಿಷ್ ಒಂದರಲ್ಲಿ ಹೋದ. ಮತ್ತೆ ಕಟ್ಟಿದ, ಮತ್ತೆ ಹೋದ. ಮೂರನೆಯ ಸಲ ಕಟ್ಟಲಿಲ್ಲ. ತಂದೆಯ ರೇಷ್ಮೆಹುಳುವಿನ ಮನೆಗೆ ಸೊಪ್ಪು ಹೊರಲು ನಿಂತ. ಆ ವರ್ಷದ ಲೆಕ್ಕದಲ್ಲಿ ಯಾರೋ ಅವನ ಹೆಸರಿನ ಮುಂದೆ ‘ಡ್ರಾಪೌಟ್’ ಎಂದು ಬರೆದಿರಬೇಕು. ಎಂಥ ಮಾತು ನೋಡಿ: ಯಾವ ಜಾತಿಯ ಕ್ರಿಯಾಪದವನ್ನು ಅವನಿಗೆ ತಿಳಿಯಹೇಳಲು ನಮ್ಮಿಂದಾಗಲಿಲ್ಲವೋ ಅದೇ ಜಾತಿಯ ಒಂದು ಪದ ಅವನ ಹೆಸರಾಯಿತು. ನಾನು ಪಾಸಾದದ್ದು ತಿಳಿದಲ್ಲ. ನನ್ನ ಬಾಯಿಪಾಠ ಅವನದಕ್ಕಿಂತ ಗಟ್ಟಿಯಿತ್ತು, ಅಷ್ಟೆ. ಈಗಲೂ ಎದುರಾದರೆ ‘ಏನು ಮೇಷ್ಟ್ರೆ, ದೀಪ ಒಳಗೆ ಬಂತಾ?’ ಎಂದು ಕೇಳುತ್ತಾನೆ.

೨೦೦೭ರಿಂದ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷು ಒಂದನೆಯ ತರಗತಿಗೇ ಬಂದಿದೆ. ೨೦೧೯ರಲ್ಲಿ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮವನ್ನೂ ತೆರೆದರು. ಬೇಗ ಮೊದಲು ಮಾಡಬೇಕೆ, ತಡವಾಗಿ ಮಾಡಬೇಕೆ ಎಂಬ ಜಗಳ ಮುಗಿದಿಲ್ಲ. ಎಂದು ಮೊದಲು ಮಾಡಿದರೂ ಏನನ್ನು ಹಿಡಿದು ಕಲಿಸಬೇಕೆಂಬ ಮಾತನ್ನು ಎತ್ತುವವರು ಕಡಮೆ.

ಕಳೆದ ಕಾರ್ತಿಕದಲ್ಲಿ ಬೈರಕೂರಿಗೆ ಹೋಗಿದ್ದೆ. ಅಜ್ಜಿ ಈಗಿಲ್ಲ, ಸೋದರಮಾವನ ಮೊಮ್ಮಗ ಇಂಗ್ಲಿಷ್ ಮಾಧ್ಯಮದಲ್ಲಿ ಐದನೆಯ ತರಗತಿ. ಸಂಜೆ ಕರೆಂಟು ಹೋಯಿತು. ಸ್ವಲ್ಪ ದೂರದ ಚಿನ್ನದ ಗಣಿಗೆ ೧೯೦೨ರಲ್ಲಿಯೇ ಶಿವನಸಮುದ್ರದಿಂದ ವಿದ್ಯುತ್ತು ಬಂದಿತ್ತು. ನಮ್ಮ ಹಳ್ಳಿಗಳಲ್ಲಿ ಅದು ಇಂದಿಗೂ ಬಂದು ಹೋಗುವ ನೆಂಟ. ಅತ್ತೆ ದೇವರ ಮನೆಯಿಂದ ದೀಪ ತರುತ್ತಿರುವಾಗ ಗಾಳಿ ಬೀಸಿ ಅದೂ ಹೋಯಿತು. ‘ಅಯ್ಯೋ, ಕೊಂಡೆಕ್ಕಿಂದಿ’ ಎಂದರು. ಹುಡುಗ ಮೊಬೈಲಿನ ಬೆಳಕಿನಲ್ಲಿ ಮನೆಪಾಠ ಬರೆಯುತ್ತಿದ್ದವನು ತಲೆಯೆತ್ತಿ, ‘ತಾತ, ಇದನ್ನು ಇಂಗ್ಲಿಷಲ್ಲಿ ಏನಂತಾರೆ?’ ಎಂದ. ನಾನು ಬಾಯಿ ತೆರೆಯುವಷ್ಟರಲ್ಲಿ ಅವನೇ ಪುಸ್ತಕದ ಅಂಚಿನಲ್ಲಿ ಬರೆದುಬಿಟ್ಟಿದ್ದ: ‘ದಿ ಲ್ಯಾಂಪ್ ಕ್ಲೈಮ್ಡ್ ದಿ ಹಿಲ್.’ ‘ಸರಿಯಾ?’ ಎಂದು ಕೇಳಿದ. ಬತ್ತಿ ಸರಿಮಾಡಿ ದೀಪ ಹಚ್ಚಿಕೊಡು ಎಂದು ಅತ್ತೆಯ ಕೈಯಿಂದ ಅದನ್ನು ಅವನಿಗೆ ಕೊಡಿಸಿ, ಪಕ್ಕದಲ್ಲಿ ಕುಳಿತೆ.